ಜಗಳ ಕಂಡ ಮಕ್ಕಳು: ಚಿತ್ರದುರ್ಗ ಸೀಮೆಯ ದಾಂಪತ್ಯದ ಒಂದು ಚರಿತ್ರೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಗಂಡ ಹೆಂಡಿರ ಜಗಳ ಬಹಳ ಕಾಲ ಅವರಿಬ್ಬರ ಪಾಡಿಗೆ ಬಿಟ್ಟ ವಿಷಯವಾಗಿರಲಿಲ್ಲ. ಅದಕ್ಕೆ ಕೇರಿಯೇ ಸಾಕ್ಷಿ. ಕುಲದ ಯಜಮಾನರು ನ್ಯಾಯ ಹೇಳುತ್ತಿದ್ದರು, ತವರಿನವರು ಬಂದು ವಾದಿಸುತ್ತಿದ್ದರು, ನೆರೆಮನೆಯವರು ಕಂಡದ್ದು ಕೇಳಿದ್ದನ್ನು ಹೇಳುತ್ತಿದ್ದರು. ಇದನ್ನೆಲ್ಲ ಮನೆಯ ಮಕ್ಕಳು ನೋಡುತ್ತ ಬೆಳೆಯುತ್ತಿದ್ದರು. ಗಂಡು ಹೆಣ್ಣು ಕೂಡಿ ಬಾಳುವುದು ಹೇಗೆ, ಒಲವಿನಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬ ತಿಳಿವಳಿಕೆ ಅವರಲ್ಲಿ ಮೂಡಿದ್ದು ಇಲ್ಲಿಯೇ. ಈ ಸೀಮೆಯ ಕಳೆದ ನೂರು ನೂರೈವತ್ತು ವರ್ಷಗಳ ಸಂಸಾರದ ಚರಿತ್ರೆಯನ್ನು ನೋಡುವಾಗ ಮನೆಗಳಲ್ಲಿ ಜಗಳ ಎಷ್ಟಿತ್ತು ಎಂಬ ಪ್ರಶ್ನೆ ಅಷ್ಟು ಮುಖ್ಯವಲ್ಲ. ಜಗಳ ಎಲ್ಲಿ ನಡೆಯುತ್ತಿತ್ತು, ಯಾರ ಮುಂದೆ ಮುಗಿಯುತ್ತಿತ್ತು, ಯಾವಾಗ ಮುಗಿಯದೆ ಉಳಿಯುತ್ತಿತ್ತು ಎಂಬುದೇ ಮಕ್ಕಳ ಮನಸ್ಸನ್ನು ರೂಪಿಸಿದ ಸಂಗತಿ.

ಇಲ್ಲಿನ ಹಳೆಯ ಮನೆ ಬಯಲುಸೀಮೆಯ ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ, ಮರದ ಕಂಬ ತೊಲೆ, ಮೇಲೆ ಮಣ್ಣು ಹಾಸಿದ ಸಮತಟ್ಟು ಮಾಳಿಗೆ. ಮನೆಯ ಅಳತೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಬಡವರ ಮನೆಯಲ್ಲಿ ದನಕರು, ಕಾಳಿನ ವಾಡೆ, ಒಲೆ, ಮಲಗುವ ಜಾಗ ಎಲ್ಲವೂ ಎರಡು ಮೂರು ಅಂಕಣದೊಳಗೆ ಸೇರಿಕೊಳ್ಳಬೇಕಿತ್ತು. ಗಂಡ ಹೆಂಡಿರಿಗೆ ಬೇರೆ ಕೋಣೆ ಎಂಬುದು ಅನುಕೂಲಸ್ಥರಲ್ಲೂ ಅಪರೂಪ. ಹಿರಿಯರ ಎದುರು ಸೊಸೆ ಗಂಡನೊಡನೆ ಸಲಿಗೆಯಿಂದ ಮಾತಾಡುವಂತಿರಲಿಲ್ಲ, ಅವನ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಗಂಡನೂ ಅಪ್ಪ ಅಮ್ಮನ ಮುಂದೆ ತನ್ನ ಮಗುವನ್ನೇ ಎತ್ತಿ ಆಡಿಸಲು ಸಂಕೋಚಪಡುತ್ತಿದ್ದ. ಇದರಿಂದ ಆದ ಒಂದು ಪರಿಣಾಮವನ್ನು ಸಂಸಾರದ ಬಗ್ಗೆ ಬರೆದವರು ಸಾಕಷ್ಟು ಗಮನಿಸಿಲ್ಲ. ತಂದೆ ತಾಯಿಯ ನಡುವಿನ ಅಕ್ಕರೆ ಮಕ್ಕಳ ಕಣ್ಣಿಗೆ ಬೀಳುತ್ತಿರಲಿಲ್ಲ, ಜಗಳ ಮಾತ್ರ ಬೀಳುತ್ತಿತ್ತು. ಅಕ್ಕರೆಗೆ ಮರೆ ಬೇಕಿತ್ತು, ಜಗಳಕ್ಕೆ ಬೇಕಿರಲಿಲ್ಲ. ಆದ್ದರಿಂದ ತಂದೆ ತಾಯಿ ಚೆನ್ನಾಗಿಯೇ ಬಾಳಿದ ಮನೆಯ ಮಗುವಿಗೂ ದಾಂಪತ್ಯದ ಒಂದು ಮುಖವಷ್ಟೇ ತಿಳಿಯುತ್ತಿತ್ತು.

ಎರಡನೆಯ ಸಂಗತಿ ಸೋದರಿಕೆ. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವುದು ಇಲ್ಲಿನ ಬಹುಪಾಲು ಜಾತಿಗಳಲ್ಲಿ ರೂಢಿ ಮಾತ್ರವಲ್ಲ, ಹಕ್ಕು ಕೂಡ ಆಗಿತ್ತು. ಈ ರೂಢಿ ಎಷ್ಟು ಗಟ್ಟಿ ಎಂಬುದಕ್ಕೆ 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಾಯಂದಿರನ್ನು ಕೇಳಿ ನಡೆಸಿದ ದೊಡ್ಡ ಸಮೀಕ್ಷೆಯೊಂದು ಸಾಕ್ಷಿ: ಮದುವೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದೊಳಗೇ ನಡೆದಿದ್ದವು. ಇಂಥ ಸಮಾಜದಲ್ಲಿ ಗಂಡ ಹೆಂಡಿರ ಜಗಳ ಎಂದರೆ ಅಕ್ಕ ತಮ್ಮಂದಿರ ಮನೆಗಳ ನಡುವಿನ ಜಗಳ. ಹೆಂಡತಿಗೆ ಅತ್ತೆಯಾದವಳು ಕೆಲವೊಮ್ಮೆ ಅವಳ ಸೋದರತ್ತೆ, ಕೆಲವೊಮ್ಮೆ ಹೆತ್ತಮ್ಮನ ತಾಯಿ. ಬೈದವರು, ಬೈಸಿಕೊಂಡವರು, ಬಿಡಿಸಲು ಬಂದವರು ಎಲ್ಲರೂ ಒಂದೇ ಬಳ್ಳಿಯವರು.

ಇಲ್ಲಿ ಮಗುವಿಗೆ ತಟ್ಟುತ್ತಿದ್ದದ್ದು ಬರಿಯ ಮನಸ್ಸಿನ ನೋವಲ್ಲ. ಹುಟ್ಟಿದಾಗಿನಿಂದ ಇಂಥವನಿಗೆ ಇಂಥವಳು ಎಂದು ಮಾತಾಗಿರುತ್ತಿತ್ತು. ಹುಡುಗಿಯನ್ನು ಅವಳ ಮಾವನ ಹೆಸರಿನಿಂದ ಛೇಡಿಸುವುದು, ಹಬ್ಬಕ್ಕೆ ಬಂದ ಸೋದರತ್ತೆಯ ಮಗನನ್ನು ಅಳಿಯನೆಂದೇ ಕರೆಯುವುದು ದಿನನಿತ್ಯದ ಮಾತು. ಅಪ್ಪ, ಸೋದರಮಾವನ ನಡುವೆ ಮಾತು ಕೆಟ್ಟು ಹೋಗಿಬರುವುದು ನಿಂತರೆ ಮಗು ತನಗೆ ಗೊತ್ತಾಗಿದ್ದ ಮುಂದಿನ ಬದುಕನ್ನೇ ಕಳೆದುಕೊಳ್ಳುತ್ತಿತ್ತು. ತದ್ವಿರುದ್ಧವೂ ನಡೆಯುತ್ತಿತ್ತು: ಮುರಿದ ನಂಟನ್ನು ಬೆಸೆಯಲೆಂದೇ ಮಕ್ಕಳನ್ನು ತಂದುಕೊಳ್ಳುವುದು, ಕೊಡುವುದು. ದೊಡ್ಡವರ ಜಗಳಕ್ಕೆ ಮಕ್ಕಳ ಮದುವೆಯೇ ರಾಜಿ. ಹೀಗೆ ಮದುವೆಯಾಗಿ ಬಂದ ಹುಡುಗಿಯ ಹೆಗಲ ಮೇಲೆ ಎರಡು ಮನೆಗಳ ಹಳೆಯ ಮನಸ್ತಾಪದ ಭಾರವಿರುತ್ತಿತ್ತು. ತನ್ನ ಸಂಸಾರ ಸರಿಹೋಗದಿದ್ದರೆ ತಾಯಿಯ ಸಂಸಾರವೂ ಮತ್ತೆ ಕೆಡುತ್ತದೆ ಎಂಬ ಅಂಜಿಕೆಯಲ್ಲೇ ಅವಳು ಒಗ್ಗಿಕೊಂಡು ಹೋಗಬೇಕಿತ್ತು. ಒಲವು ಇಲ್ಲಿ ಹೊಂದಾಣಿಕೆಯ ಇನ್ನೊಂದು ಹೆಸರಾಯಿತು ಎಂದರೆ ಅದರ ಕಾರಣ ಸೋದರಿಕೆಯ ಈ ಹೆಣಿಗೆಯಲ್ಲಿದೆ.

ಆದರೂ ಇದು ಬಿಡುಗಡೆಯೇ ಇಲ್ಲದ ಸಮಾಜವಾಗಿರಲಿಲ್ಲ. ಬೇಡ, ಗೊಲ್ಲ, ಕುರುಬ, ಒಕ್ಕಲಿಗ, ಮತ್ತೆ ಹಲವು ದುಡಿಯುವ ಜಾತಿಗಳಲ್ಲಿ ಮದುವೆ ಮುರಿಯಲು, ಮರುಮದುವೆಯಾಗಲು ದಾರಿಯಿತ್ತು. ಮೈಸೂರು ಸಂಸ್ಥಾನ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಚ್. ವಿ. ನಂಜುಂಡಯ್ಯನವರ ಮೇಲ್ವಿಚಾರಣೆಯಲ್ಲಿ ನಡೆಸಿದ ಜನಾಂಗ ಸಮೀಕ್ಷೆ ಇದನ್ನು ಜಾತಿ ಜಾತಿಯಾಗಿ ದಾಖಲಿಸಿತು, ಅದನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಾಗಿ ಹೊರತಂದರು. ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುವುದು, ಕೂಡಿ ಬಾಳಲಾಗದೆ ಹೆಣ್ಣು ಬಿಟ್ಟುಬಂದು ಮತ್ತೊಬ್ಬನ ಕೈಹಿಡಿದರೆ ಆ ಎರಡನೆಯವನು ಮೊದಲಿನವನ ತೆರದ ಹಣವನ್ನು ತೀರಿಸುವುದು, ಕುಲದವರಿಗೆ ದಂಡ ಕಟ್ಟುವುದು — ಇದು ಆ ಬರಹಗಳಲ್ಲಿ ಮತ್ತೆ ಮತ್ತೆ ಸಿಗುವ ಕ್ರಮ. ಇಂಥ ಮರುಮದುವೆಗೆ ಕೂಡಿಕೆ, ಕೂಡಾವಳಿ, ಉಡಿಕೆ ಎಂದು ಬೇರೆ ಬೇರೆ ಕಡೆ ಹೆಸರು.

ಕೂಡಿಕೆಗೆ ಚಪ್ಪರವಿಲ್ಲ, ವಾಲಗವಿಲ್ಲ. ಹೊತ್ತು ಮುಳುಗಿದ ಮೇಲೆ ಗಂಡು ತಂದ ಹೊಸ ಸೀರೆಯನ್ನು ಹೆಣ್ಣು ಉಡುತ್ತಾಳೆ, ತಾಳಿ ಕಟ್ಟುತ್ತಾರೆ, ಕುಲದವರಿಗೆ ಊಟ. ಮುತ್ತೈದೆಯರು ಇದರಲ್ಲಿ ಮುಂದೆ ನಿಲ್ಲುವುದಿಲ್ಲ, ವಿಧವೆಯರು ಅಥವಾ ಕೂಡಿಕೆಯಾದ ಹೆಂಗಸರೇ ಶಾಸ್ತ್ರ ನಡೆಸುತ್ತಾರೆ. ಹಾಗೆ ಮದುವೆಯಾದವಳು ಆಮೇಲೆ ಬೇರೆಯವರ ಮದುವೆಯ ಶುಭಕಾರ್ಯಗಳಲ್ಲಿ ಕೈಹಾಕುವಂತಿಲ್ಲ. ಮಕ್ಕಳ ಮಟ್ಟಿಗೆ ನಿಯಮ ಕಠಿಣ. ಮೊದಲ ಗಂಡನ ಮಕ್ಕಳು ತಂದೆಯ ಮನೆಗೆ ಸೇರಿದವರು. ಮೊಲೆಯುಣ್ಣುವ ಕೂಸಾದರೆ ತಾಯಿಯ ಜೊತೆ ಹೋಗಿ, ಬೆಳೆದ ಮೇಲೆ ತಂದೆಯ ಕಡೆಗೆ ಹಿಂತಿರುಗಬೇಕು. ಕೂಡಿಕೆಯಲ್ಲಿ ಹುಟ್ಟಿದ ಮಕ್ಕಳಿಗೆ ಆಸ್ತಿಯಲ್ಲಿ ಪಾಲುಂಟು, ಕುಲದಲ್ಲಿ ಸ್ಥಾನವುಂಟು, ಆದರೆ ಕೆಲವು ಜಾತಿಗಳಲ್ಲಿ ಮದುವೆಯ ಸಂಬಂಧ ಬೆಳೆಸುವಾಗ ಅವರನ್ನು ಬೇರೆಯೇ ಸಾಲಾಗಿ ಎಣಿಸುತ್ತಿದ್ದರು. ಕೂಡಿಕೆ ಸಾಲಿನವರು ತಮ್ಮೊಳಗೇ ಕೊಡುಕೊಳ್ಳಬೇಕು. ಕೆಲವು ತಲೆಮಾರು ಕಳೆದ ಮೇಲೆ ಆ ಗೆರೆ ಅಳಿಯುತ್ತಿತ್ತು.

ಈ ವ್ಯವಸ್ಥೆಯನ್ನು ಉದಾರವೆಂದು ಹೊಗಳಿದವರಿದ್ದಾರೆ. ಹೆಣ್ಣಿಗೆ ಇನ್ನೊಂದು ಬಾಳು ಸಿಗುತ್ತಿತ್ತು ಎಂಬ ಮಟ್ಟಿಗೆ ಆ ಹೊಗಳಿಕೆ ನ್ಯಾಯವಾದದ್ದೇ. ಮೇಲುಜಾತಿಗಳಲ್ಲಿ ಎಂಟು ಹತ್ತರ ವಯಸ್ಸಿಗೆ ವಿಧವೆಯಾದವಳಿಗೆ ಅದೂ ಇರಲಿಲ್ಲ. ಆದರೆ ಮಗುವಿನ ಕಡೆಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ತಾಯಿ ಹೊಸ ಸೀರೆಯುಟ್ಟು ಸಂಜೆಗತ್ತಲಲ್ಲಿ ಇನ್ನೊಂದು ಊರಿಗೆ ಹೋದಳು, ಮಗು ಅಜ್ಜಿಯ ಮಡಿಲಿನಲ್ಲಿ ಉಳಿಯಿತು. ಆಕೆಯ ಹೊಸ ಬಾಳು ತಪ್ಪಲ್ಲವೆಂದು ಕುಲವೇ ಒಪ್ಪಿದ್ದರೂ ಅದಕ್ಕೆ ಹಗಲಿನ ಮರ್ಯಾದೆ ಕೊಡಲಿಲ್ಲ. ಮೊದಲ ಮದುವೆ ಮನೆತನದ್ದು, ಎರಡನೆಯದು ಮನಸ್ಸಿನದು. ಮನಸ್ಸಿನದಕ್ಕೆ ವಾಲಗವಿಲ್ಲ ಎಂಬ ತಿಳಿವಳಿಕೆ ಹೀಗೆ ಎಳೆಯದರಲ್ಲೇ ಬೇರೂರುತ್ತಿತ್ತು. ಮುಂದೆ ಮಕ್ಕಳು ತಾವಾಗಿ ಮೆಚ್ಚಿ ಆದ ಮದುವೆಯನ್ನು ಈ ಸೀಮೆ ತಲೆತಗ್ಗಿಸುವ ಸಂಗತಿಯಂತೆ ಕಂಡದ್ದರ ಹಿಂದೆ ಜಾತಿಯ ಕಟ್ಟಿನೊಂದಿಗೆ ಈ ಹಳೆಯ ಏಣಿಶ್ರೇಣಿಯೂ ಇದೆ.

ಜಗಳ ತೀರುವಳಿಯಾಗುತ್ತಿದ್ದ ಜಾಗ ಕಟ್ಟೆಮನೆ. ಮ್ಯಾಸಬೇಡರು, ಗೊಲ್ಲರು, ಕುಂಚಿಟಿಗರು ಮೊದಲಾದವರಲ್ಲಿ ಹಲವು ಹಟ್ಟಿಗಳಿಗೆ, ಊರುಗಳಿಗೆ ಸೇರಿದ ಕಟ್ಟೆಮನೆಗಳಿದ್ದವು. ಗೌಡ, ಯಜಮಾನ, ಪೂಜಾರಿ, ಕೋಲುಕಾರ ಎಂಬ ಹುದ್ದೆಗಳು ಮನೆತನದಿಂದ ಬಂದವು. ದೂರು ಮೊದಲು ಕೇರಿಯ ಹಿರಿಯರ ಬಳಿಗೆ ಹೋಗುತ್ತಿತ್ತು. ಅಲ್ಲಿ ತೀರದಿದ್ದರೆ ಎರಡೂ ಕಡೆಯವರನ್ನು ಕರೆಸಿ ಗುಡಿಯ ಮುಂದೆಯೋ ಅರಳಿಕಟ್ಟೆಯ ಮೇಲೆಯೋ ನ್ಯಾಯ ಸೇರಿಸುತ್ತಿದ್ದರು. ಹೆಂಗಸಿನ ಪರವಾಗಿ ಅವಳ ಅಣ್ಣನೋ ತಂದೆಯೋ ಸೋದರಮಾವನೋ ಮಾತಾಡುತ್ತಿದ್ದ. ಕೆಲವೊಮ್ಮೆ ಅವಳೇ ಎದ್ದು ನಿಂತು ಹೇಳಿಕೊಳ್ಳುತ್ತಿದ್ದಳು. ಹೊಡೆತ, ಕುಡಿತ, ಅತ್ತೆಯ ಕಾಟ, ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡದ್ದು, ಹೆಂಡತಿ ತವರಿನಿಂದ ಹಿಂತಿರುಗದೆ ಕುಳಿತದ್ದು ಇವೇ ಸಾಮಾನ್ಯ ದೂರುಗಳು. ತೀರ್ಪೂ ಸಾಮಾನ್ಯವಾಗಿ ಒಂದೇ ಬಗೆಯದು: ತಪ್ಪಿದವರಿಗೆ ದಂಡ, ದೇವರ ಮುಂದೆ ಆಣೆ, ಇಬ್ಬರನ್ನೂ ಕೂಡಿಸಿ ಕಳಿಸುವುದು. ಕೂಡಿಸಲಾಗದಿದ್ದರೆ ತೆರದ ಲೆಕ್ಕ ತೀರಿಸಿ ಬಿಡಿಸುವುದು.

ಈ ನ್ಯಾಯ ಸಮನಾಗಿತ್ತು ಎನ್ನಲಾಗದು. ಕುಳಿತವರೆಲ್ಲ ಗಂಡಸರು. ಗಂಡನ ಹೊಡೆತಕ್ಕೆ ಬುದ್ಧಿಮಾತು ಸಾಕಾಗುತ್ತಿತ್ತು, ಹೆಂಡತಿಯ ನಡತೆಯ ಮೇಲೆ ಅನುಮಾನ ಬಂದರೆ ಮಾತ್ರ ಇಡೀ ಕುಲ ಎದ್ದು ಕೂರುತ್ತಿತ್ತು. ಬಹಿಷ್ಕಾರದ ಬೆದರಿಕೆಯಿಂದ ಎಷ್ಟೋ ಹೆಣ್ಣುಮಕ್ಕಳನ್ನು ಅವರು ಸಹಿಸಲಾರದ ಮನೆಗಳಿಗೆ ವಾಪಸು ಕಳಿಸಲಾಗಿದೆ. ಆದರೆ ಒಂದು ಮಾತನ್ನು ಒಪ್ಪಬೇಕು: ಕಟ್ಟೆಯ ಮುಂದೆ ಬಂದ ಜಗಳಕ್ಕೆ ಒಂದು ಕೊನೆ ಇರುತ್ತಿತ್ತು, ಮತ್ತು ಆ ಕೊನೆಯನ್ನು ಮಕ್ಕಳು ನೋಡುತ್ತಿದ್ದರು. ಅಪ್ಪ ಹತ್ತು ಜನರ ಮುಂದೆ ತಪ್ಪಾಯಿತೆಂದು ಒಪ್ಪಿಕೊಳ್ಳುವುದನ್ನು, ಅಮ್ಮನಿಗಾಗಿ ಸೋದರಮಾವ ಪಟ್ಟು ಹಿಡಿದು ನಿಲ್ಲುವುದನ್ನು, ಎಲೆ ಅಡಿಕೆ ಹಂಚಿ ಎಲ್ಲರೂ ಎದ್ದು ಹೋಗುವುದನ್ನು.

ಇದರ ಮಹತ್ವವನ್ನು ಇತ್ತೀಚಿನ ಮನಶ್ಶಾಸ್ತ್ರ ಬೇರೆ ದಾರಿಯಿಂದ ಬಂದು ಮುಟ್ಟಿದೆ. ಅಮೆರಿಕದ ಮಾರ್ಕ್ ಕಮ್ಮಿಂಗ್ಸ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಿಂದ ಮಕ್ಕಳಿಗೆ ದೊಡ್ಡವರ ಜಗಳದ ದೃಶ್ಯಗಳನ್ನು ತೋರಿಸಿ, ಮನೆಗಳಲ್ಲಿ ನಡೆದದ್ದನ್ನು ಬರೆಸಿ ಅಧ್ಯಯನ ನಡೆಸಿದರು. ಜಗಳದ ನಂತರ ರಾಜಿಯಾದದ್ದನ್ನು ಕಂಡ ಮಕ್ಕಳ ಕಳವಳ, ಜಗಳ ಹಾಗೆಯೇ ಉಳಿದದ್ದನ್ನು ಕಂಡ ಮಕ್ಕಳ ಕಳವಳಕ್ಕಿಂತ ಬಹಳ ಕಡಿಮೆ ಎಂಬುದು ಆ ಅಧ್ಯಯನಗಳ ಒಂದು ಮುಖ್ಯ ಫಲ. ಪ್ಯಾಟ್ರಿಕ್ ಡೇವಿಸ್ ಜೊತೆ ಸೇರಿ ಅವರು 1994ರಲ್ಲಿ ಮುಂದಿಟ್ಟ ವಾದದ ಪ್ರಕಾರ ತಂದೆ ತಾಯಿಯ ಸಂಬಂಧವೇ ಮಗುವಿನ ಭದ್ರತೆಯ ನೆಲೆ. ಅದು ಅಲುಗಿದರೆ ಮಗು ಮಧ್ಯೆ ಬಂದು ಬಿಡಿಸಲು ನೋಡುತ್ತದೆ, ಇಲ್ಲವೆ ದೂರ ಸರಿಯುತ್ತದೆ, ಇಲ್ಲವೆ ಸದಾ ಎಚ್ಚರದಿಂದಿರುತ್ತದೆ. 1990ರಲ್ಲಿ ಜಾನ್ ಗ್ರಿಚ್, ಫ್ರ್ಯಾಂಕ್ ಫಿಂಚಮ್ ಎಂಬವರು ಇನ್ನೊಂದು ಅಂಶಕ್ಕೆ ಒತ್ತು ಕೊಟ್ಟರು: ಮಗು ಜಗಳದ ಕಾರಣವನ್ನು ಹುಡುಕುತ್ತದೆ, ಬೇರೆ ಕಾರಣ ಕಾಣದಿದ್ದರೆ ತನ್ನನ್ನೇ ದೂರಿಕೊಳ್ಳುತ್ತದೆ. ಎಳವೆಯಲ್ಲಿ ತಂದೆ ತಾಯಿಯ ಆಸರೆ ಸಿಕ್ಕ ಬಗೆಗೂ ಬೆಳೆದ ಮೇಲೆ ಒಲವಿನಲ್ಲಿ ನಂಬಿಕೆ ಅಥವಾ ಅಂಜಿಕೆ ತೋರುವ ಬಗೆಗೂ ನಂಟಿದೆ ಎಂದು ಸಿಂಡಿ ಹೇಜನ್, ಫಿಲಿಪ್ ಶೇವರ್ 1987ರಲ್ಲೇ ಬರೆದಿದ್ದರು. ಕಟ್ಟೆಮನೆಯ ಹಿರಿಯರಿಗೆ ಮಕ್ಕಳ ಮನಸ್ಸಿನ ಯೋಚನೆ ಇದ್ದಿರಲಾರದು. ಆದರೂ ಜಗಳದ ಕಾರಣವನ್ನು ಬಯಲಿನಲ್ಲಿ ಹೇಳಿಸಿ, ಹೊಣೆಯನ್ನು ದೊಡ್ಡವರೊಬ್ಬರ ಮೇಲೆ ಹೊರಿಸುವ ಅವರ ಕ್ರಮದಲ್ಲಿ ಮಗು ತನ್ನನ್ನು ದೂರಿಕೊಳ್ಳಲು ಆಸ್ಪದ ಕಡಿಮೆಯಿತ್ತು.

ಕಟ್ಟೆ ಏರದ ಜಗಳಗಳ ಕಥೆ ಬೇರೆ. ಬ್ರಾಹ್ಮಣರ ಅಗ್ರಹಾರಗಳಲ್ಲಿ, ಮತ್ತೆ ಮಾನವಂತರೆನಿಸಿಕೊಂಡ ಕೆಲವು ಮನೆತನಗಳಲ್ಲಿ ಬಿಡುಗಡೆಯೂ ಇಲ್ಲ, ಕೂಡಿಕೆಯೂ ಇಲ್ಲ. ಹೆಣ್ಣುಮಗು ಲೋಕ ಅರಿಯುವ ಮೊದಲೇ ಮದುವೆ. ಮೈಸೂರು ಸರ್ಕಾರ 1894ರಲ್ಲಿ ತಂದ ಕಾಯಿದೆ ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಮದುವೆಯಾಗುವುದನ್ನೂ ತಡೆಯಿತು ಎಂದರೆ ಅದಕ್ಕೆ ಮೊದಲಿನ ಸ್ಥಿತಿಯನ್ನು ಊಹಿಸಬಹುದು. ಇಲ್ಲಿ ಮನಸ್ತಾಪ ಮೌನವಾಗಿ ಉಳಿಯುತ್ತಿತ್ತು. ಗಂಡ ಹೆಂಡತಿ ವರ್ಷಗಟ್ಟಲೆ ನೇರ ಮಾತಿಲ್ಲದೆ ಮಕ್ಕಳ ಮೂಲಕವೇ ಒಬ್ಬರಿಗೊಬ್ಬರು ಹೇಳಿ ಕಳಿಸಿಕೊಳ್ಳುವ ಮನೆಗಳಿದ್ದವು. ಅಂಥ ಮನೆಯ ಮಗು ಸಂದೇಶ ಒಯ್ಯುವ ದೂತ. ಯಾರ ಮಾತನ್ನು ಎಷ್ಟು ಮೆದುಗೊಳಿಸಿ ತಲುಪಿಸಬೇಕೆಂದು ಬಲುಬೇಗ ಕಲಿಯುತ್ತಿತ್ತು. ಬೀದಿ ಕೇಳುವಂತೆ ಜಗಳವಾಡಿದ ಮನೆಗಿಂತ ಈ ಮನೆ ಮಗುವಿಗೆ ಹೆಚ್ಚು ಕಠಿಣವಾಗಿತ್ತು ಎಂದೇ ಹೇಳಬೇಕು.

ಜಗಳದ ಇನ್ನೊಂದು ಕಡತ ಹೆಂಗಸರ ಹಾಡುಗಳಲ್ಲಿದೆ. ಬೀಸುವ, ಕುಟ್ಟುವ, ಕಳೆ ಕೀಳುವ ಹೊತ್ತಿನ ಹಾಡುಗಳಲ್ಲಿ ಗಂಡನಿಗಿಂತ ಅಣ್ಣ ತಮ್ಮಂದಿರೇ ಹೆಚ್ಚು ಬರುತ್ತಾರೆ. ಗಂಡನ ಮನೆಗಿಂತ ತವರೇ ಹೆಚ್ಚು. ಚಳ್ಳಕೆರೆ ಸೀಮೆಯ ಕಾಡುಗೊಲ್ಲ ಗಾಯಕಿ, ನಾಡೋಜ ಸಿರಿಯಜ್ಜಿಯಂಥವರ ಬಾಯಲ್ಲಿ ಉಳಿದು ಬಂದ ಇಂಥ ಹಾಡುಗಳ ರಾಶಿ ಹಿರಿಯೂರು, ಹೊಸದುರ್ಗದ ಹಟ್ಟಿಗಳಲ್ಲೂ ಹಬ್ಬಿದೆ. ಮಗಳು ತಾಯಿಯ ತೊಡೆಯ ಪಕ್ಕದಲ್ಲಿ ಕೂತು ರಾಗಿ ಬೀಸುತ್ತ ಇವನ್ನು ಕಲಿಯುತ್ತಿದ್ದಳು. ಅಪ್ಪನ ಎದುರು ಆಡಲಾಗದ ಮಾತನ್ನು ಅಮ್ಮ ಬೀಸುವ ಕಲ್ಲಿನ ಮುಂದೆ ಆಡುತ್ತಿದ್ದಳು, ಅದನ್ನು ಕೇಳಿಸಿಕೊಳ್ಳುತ್ತಿದ್ದವಳು ಮಗಳು. ಎಂ. ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ ಮೈಸೂರಿನ ಮದುವೆ ಮತ್ತು ಕುಟುಂಬ ಕುರಿತ ಪುಸ್ತಕ ಅತ್ತೆ ಸೊಸೆ, ಅಣ್ಣ ತಂಗಿ ಸಂಬಂಧಗಳಿಗೆ ಅಷ್ಟು ಗಮನ ಕೊಟ್ಟದ್ದು ಸಕಾರಣ: ಕನ್ನಡ ಕುಟುಂಬದಲ್ಲಿ ಭಾವನೆಯ ಬಿಸಿ ಇದ್ದದ್ದು ಆ ಸಂಬಂಧಗಳಲ್ಲಿ. ಗಂಡನಲ್ಲಿ ಅಕ್ಕರೆ ಹುಡುಕಬಾರದು, ಕಷ್ಟಕ್ಕೆ ಒಡಹುಟ್ಟಿದವನೇ ಆಗಬೇಕು ಎಂಬ ಪಾಠ ಹಾಡಿನ ರೂಪದಲ್ಲಿ ತಾಯಿಯಿಂದ ಮಗಳಿಗೆ ದಾಟುತ್ತಿತ್ತು. ಗಂಡುಮಕ್ಕಳಿಗೆ ಈ ಹಾಡುಗಳ ಒಳಮನೆಗೆ ಅಷ್ಟು ಪ್ರವೇಶವಿರಲಿಲ್ಲ. ಒಂದೇ ಜಗಳವನ್ನು ಕಂಡ ಅಕ್ಕ ತಮ್ಮಂದಿರು ಅದರಿಂದ ಬೇರೆ ಬೇರೆ ಅರ್ಥ ತೆಗೆದುಕೊಂಡು ಬೆಳೆದದ್ದಕ್ಕೆ ಇದೂ ಒಂದು ಕಾರಣ.

ದುರ್ಗದ ಕಥೆಗಳೂ ಮಕ್ಕಳ ಕಿವಿಗೆ ಬೀಳುತ್ತಿದ್ದವು. ಕೋಟೆಯ ಬೆಟ್ಟದ ಹಿಡಿಂಬೇಶ್ವರ ಗುಡಿಯ ಸುತ್ತ ಹೆಣೆದ ಐತಿಹ್ಯದಲ್ಲಿ ಹಿಡಿಂಬೆ ಅಣ್ಣನ ಮಾತು ಮೀರಿ ಭೀಮನನ್ನು ಮೆಚ್ಚುತ್ತಾಳೆ. ಅಣ್ಣ ಸಾಯುತ್ತಾನೆ, ಮದುವೆಯಾಗುತ್ತದೆ, ಭೀಮ ಹೊರಟುಹೋಗುತ್ತಾನೆ, ಮಗನನ್ನು ಅವಳೇ ಬೆಳೆಸುತ್ತಾಳೆ. ಹೈದರಾಲಿಯ ಮುತ್ತಿಗೆಯ ಕಾಲದ ಒನಕೆ ಓಬವ್ವನ ಕಥೆ ಇನ್ನೂ ಹೆಚ್ಚು ಪ್ರಚಲಿತ. ಊಟಕ್ಕೆ ಕೂತ ಕಾವಲಿನ ಗಂಡನನ್ನು ಎಬ್ಬಿಸದೆ, ಕಿಂಡಿಯಲ್ಲಿ ನುಗ್ಗಿಬರುವವರನ್ನು ಒಬ್ಬೊಬ್ಬರಾಗಿ ಅವಳೇ ಒನಕೆಯಿಂದ ಎದುರಿಸುತ್ತಾಳೆ. ಶಾಲೆಯಲ್ಲಿ ಇದನ್ನು ಶೌರ್ಯದ ಕಥೆಯೆಂದು ಕಲಿಸುತ್ತಾರೆ, ಅದು ಶೌರ್ಯವೇ. ಆದರೆ ಅದರೊಳಗೆ ದಾಂಪತ್ಯದ ಒಂದು ಚಿತ್ರವೂ ಇದೆ: ಅಪಾಯ ಬಾಗಿಲಿಗೆ ಬಂದಾಗಲೂ ಗಂಡನ ಉಣ್ಣುವ ನೆಮ್ಮದಿ ಕೆಡಬಾರದು. ಈ ಸೀಮೆಯ ಎಷ್ಟೋ ತಾಯಂದಿರು ಜಗಳವನ್ನು ನುಂಗಿಕೊಂಡ ರೀತಿಗೂ ಈ ಚಿತ್ರಕ್ಕೂ ದೂರವಿಲ್ಲ.

ಆಧುನಿಕ ಕಾಲದಲ್ಲಿ ದುರ್ಗದ ಮನೆ, ಮಗ, ಒಲವು ಈ ಮೂರನ್ನೂ ಎದುರಾಬದುರು ನಿಲ್ಲಿಸಿದವರು ತ. ರಾ. ಸುಬ್ಬರಾಯರು. 1920ರಲ್ಲಿ ಹುಟ್ಟಿದ ತರಾಸು ನಾಯಕ ಅರಸರ ಕಾದಂಬರಿಗಳಿಂದ ಹೆಸರಾದರೂ, ಸಾಮಾನ್ಯ ಸಂಸಾರಗಳ ಒಳಬಿರುಕನ್ನು ಅಷ್ಟೇ ತೀಕ್ಷ್ಣವಾಗಿ ಬರೆದವರು. ಅವರ ‘ಚಂದವಳ್ಳಿಯ ತೋಟ’ 1964ರಲ್ಲಿ ಚಲನಚಿತ್ರವಾಯಿತು. ಅದು ಒಗ್ಗಟ್ಟಿನ ಮನೆಯೊಂದು ಒಡೆದು ಹೋಗುವ ಕಥೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರ ಮಾಡಿದರು. ಚಿತ್ರದುರ್ಗದ ಕೋಟೆಯೇ ಅದರ ಹಿನ್ನೆಲೆ. ಚಿತ್ರದ ರೂಪ ತರಾಸು ಅವರಿಗೆ ಒಪ್ಪಿಗೆಯಾಗಲಿಲ್ಲ, ಅದನ್ನು ಅವರು ಬಚ್ಚಿಡಲೂ ಇಲ್ಲ.

‘ನಾಗರಹಾವು’ ಚಿತ್ರದ ನಾಯಕ ರಾಮಾಚಾರಿಯ ಕಥೆ ಈ ವಿಷಯಕ್ಕೆ ಏಕೆ ಹತ್ತಿರವೆಂದರೆ ಅಲ್ಲಿ ಮಗನಿಗೆ ಎರಡು ಜೊತೆ ತಂದೆ ತಾಯಿಯರಿದ್ದಾರೆ. ಹೆತ್ತವರ ಮನೆ ಮಡಿ ಆಚಾರದ್ದು. ಸಿಟ್ಟಿನ ಮಗನಿಗೆ ಅಲ್ಲಿ ಬೈಗುಳವೇ ಹೆಚ್ಚು. ಅವನಿಗೆ ಅಕ್ಕರೆ ಸಿಕ್ಕಿದ್ದು ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮನ ಮನೆಯಲ್ಲಿ. ಅದೇ ಮೇಷ್ಟ್ರು ಜಾತಿಯ ಕಟ್ಟನ್ನು ಮುಂದಿಟ್ಟು ಅವನು ಮೆಚ್ಚಿದ ಅಲಮೇಲುವನ್ನು ಬಿಟ್ಟುಬಿಡು ಎನ್ನುತ್ತಾರೆ, ಅವನು ಬಿಡುತ್ತಾನೆ. ಹಿರಿಯರು ಗೊತ್ತು ಮಾಡಿದ ಮದುವೆಯಾದ ಅಲಮೇಲು ಮುಂದೆ ವೇಶ್ಯಾವಾಟಿಕೆಯಲ್ಲಿ ಕಾಣಸಿಗುತ್ತಾಳೆ. ಆಮೇಲೆ ಅವನು ಒಲಿದ ಮಾರ್ಗರೆಟ್‌ಳ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ಬಂದಾಗ ಬೆಟ್ಟದ ಮೇಲೆ ಮೂವರ ಬದುಕೂ ಮುಗಿಯುತ್ತದೆ. ಈ ಹುಡುಗನಿಗೆ ಪ್ರೀತಿ ಎಂಬುದು ಯಾವತ್ತೂ ಅಪ್ಪಣೆಯಿಂದ ಬಿಡಿಸಿಕೊಂಡು ಬರಲಿಲ್ಲ. ಅಕ್ಕರೆ ಕೊಟ್ಟವರಿಗೇ ಅವನ ಒಲವಿನ ಮೇಲೆ ಹಕ್ಕು ಎಂದು ಅವನೂ ನಂಬಿದ್ದ. ಹೆತ್ತ ಮನೆಯಲ್ಲಿ ಸಿಗದ್ದನ್ನು ಬೇರೆಡೆ ಪಡೆದ ಮಗ, ಆ ಋಣಕ್ಕೆ ತನ್ನ ಮನಸ್ಸನ್ನೇ ಕೊಡಬೇಕಾಗಿ ಬಂದದ್ದು ಕಥೆಯ ತಿರುಳು. ಐವತ್ತು ವರ್ಷಗಳ ನಂತರವೂ ಈ ಚಿತ್ರ ದುರ್ಗದವರಿಗೆ ತಮ್ಮ ಮನೆಯ ಕಥೆಯಂತೆ ಕಾಣುವುದು ಹಾಡುಗಳಿಂದ ಮಾತ್ರ ಅಲ್ಲ.

ಸ್ವಾತಂತ್ರ್ಯದ ಹಿಂದೆ ಮುಂದೆ ಜಗಳದ ಜಾಗ ಬದಲಾಗತೊಡಗಿತು. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಹೆಂಗಸರ ಆಸ್ತಿಯ ಹಕ್ಕನ್ನು ವಿಸ್ತರಿಸಿತು. 1955ರ ಹಿಂದೂ ವಿವಾಹ ಕಾಯಿದೆ ಎಲ್ಲ ಹಿಂದೂ ಜಾತಿಗಳಿಗೂ ವಿಚ್ಛೇದನದ ದಾರಿ ತೆರೆಯಿತು. ರೂಢಿಯ ಪ್ರಕಾರ ಬಿಡುಗಡೆ ಪಡೆಯುವ ಹಕ್ಕನ್ನು ಅದರ 29ನೆಯ ಕಲಮು ಉಳಿಸಿಕೊಟ್ಟಿತು. ಅಂದರೆ ಕಟ್ಟೆಮನೆಯ ಬಿಡುಗಡೆಗೆ ಕಾನೂನಿನ ಮಾನ್ಯತೆ ಪೂರ್ತಿ ಹೋಗಲಿಲ್ಲ. ಕ್ರೌರ್ಯ, ಪರಿತ್ಯಾಗಗಳು ವಿಚ್ಛೇದನಕ್ಕೆ ಕಾರಣವಾಗಬಹುದೆಂದೂ, ಇಬ್ಬರೂ ಒಪ್ಪಿದರೆ ಬೇರೆಯಾಗಬಹುದೆಂದೂ 1976ರ ತಿದ್ದುಪಡಿ ಹೇಳಿತು. ಅದಕ್ಕೆ ಮೊದಲು ಕೋರ್ಟಿಗೆ ಹೋದವರು ಹೆಚ್ಚಾಗಿ ಒಬ್ಬರ ತಪ್ಪನ್ನು ಸಾಧಿಸಬೇಕಿತ್ತು.

ಇದೇ ಹೊತ್ತಿಗೆ ತೆರ ಹಿಂದೆ ಸರಿದು ವರದಕ್ಷಿಣೆ ಬಂತು. ಓದಿ ಸಂಬಳ ತರುವ ಗಂಡುಗಳಿಗೆ ಬೆಲೆ ಬಂದದ್ದನ್ನು, ಮೊದಲು ಬ್ರಾಹ್ಮಣರಲ್ಲಿದ್ದ ಈ ಪದ್ಧತಿ ಭೂಮಿ ಉಳ್ಳ ಜಾತಿಗಳಿಗೆ ಹರಡಿದ್ದನ್ನು ಶ್ರೀನಿವಾಸರು ಮುಂದೆ ವಿವರಿಸಿದರು. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟಿನಿಂದ ನೀರು ಕಂಡ ಹಿರಿಯೂರಿನ ಊರುಗಳಲ್ಲಿ, ಅಡಿಕೆ ತೆಂಗಿನ ಹೊಳಲ್ಕೆರೆ, ಹೊಸದುರ್ಗದ ಬದಿಯಲ್ಲಿ ತೋಟವಿದ್ದ ಗಂಡಿಗೆ ಹೆಣ್ಣು ಕೊಡಲು ಪೈಪೋಟಿ. ತೆರದ ಕಾಲದಲ್ಲಿ ಹೆಂಡತಿ ಬಿಟ್ಟುಹೋದರೆ ನಷ್ಟ ಗಂಡನದು, ಹಾಗಾಗಿ ಕೂಡಿಸಿಕೊಳ್ಳಲು ಅವನಿಗೊಂದು ಕಾರಣವಿತ್ತು. ವರದಕ್ಷಿಣೆಯ ಕಾಲದಲ್ಲಿ ನಷ್ಟ ತವರಿನದು. ಮಗಳು ಹಿಂತಿರುಗಿದರೆ ಕೊಟ್ಟ ಹಣವೂ ಹೋಯಿತು, ಇನ್ನೊಂದು ಮದುವೆಗೆ ಮತ್ತೆ ಹಣ ಬೇಕು. ಜಗಳದಲ್ಲಿ ತಾಯಿಯ ಬೆನ್ನಿಗೆ ನಿಲ್ಲುತ್ತಿದ್ದ ಸೋದರಮಾವನ ದನಿ ಕುಗ್ಗಿದ್ದು ಇಲ್ಲಿಂದ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಈ ಓಟವನ್ನು ತಡೆಯಲಿಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಮೆಗಾಗಿ ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿಗೆ ಹೋಗುವ ಸಂಸಾರಗಳು ಮಕ್ಕಳನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟವು, ಇಲ್ಲವೆ ಪಟ್ಟಣದ ಒಂಟಿ ಕೋಣೆಗೆ ಕರೆದೊಯ್ದವು. ಆ ಕೋಣೆಯಲ್ಲಿ ಜಗಳಕ್ಕೆ ಕೇರಿ ಇಲ್ಲ, ಬಿಡಿಸುವ ಅಜ್ಜಿ ಇಲ್ಲ. ಸಾರಾಯಿ ಹಳ್ಳಿಯ ಸಂಸಾರಗಳನ್ನು ಹಾಳುಮಾಡಿದ ಬಗೆಯನ್ನು ಹೆಂಗಸರು ದಶಕಗಳ ಕಾಲ ಬೀದಿಗಿಳಿದು ಹೇಳಿದ ಮೇಲೆ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಅದರ ಮಾರಾಟ ನಿಂತಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಅದಕ್ಕೂ ಕೆಲವು ತಿಂಗಳ ಮೊದಲು ಜಾರಿಗೆ ಬಂದಿತ್ತು. ಗಂಡನ ಮನೆಯಲ್ಲೇ ಉಳಿದು ರಕ್ಷಣೆ ಕೇಳುವ ಹಕ್ಕನ್ನು ಅದು ಕೊಟ್ಟಿತು. ತಾಯಿ ಒಂದೋ ಸಹಿಸಬೇಕು ಇಲ್ಲವೆ ಮನೆ ಬಿಡಬೇಕು ಎಂಬ ಎರಡೇ ದಾರಿ ಕಂಡಿದ್ದ ಮಕ್ಕಳಿಗೆ ಇದು ಮೂರನೆಯದನ್ನು ತೋರಿಸಿತು.

ಕಟ್ಟೆ ಮತ್ತು ಕೋರ್ಟಿನ ನಡುವೆ ಮಠಗಳಿವೆ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠ ಸೇರುತ್ತದೆ. ಜಮೀನಿನ ತಕರಾರುಗಳ ಜೊತೆ ಸಂಸಾರದ ಜಗಳಗಳೂ ಅಲ್ಲಿಗೆ ಬರುತ್ತವೆ. ಎರಡೂ ಕಡೆಯವರು ಸ್ವಾಮೀಜಿಯ ಮುಂದೆ ನಿಂತು ಹೇಳಿಕೊಳ್ಳುತ್ತಾರೆ, ಲಿಖಿತ ದಾಖಲೆ ಇರುತ್ತದೆ, ಒಪ್ಪಂದವಾದರೆ ಸಹಿ ಹಾಕುತ್ತಾರೆ. ಹತ್ತು ಜನರ ಮುಂದೆ ಕಾರಣ ಹೇಳಿ ಕೊನೆಗಾಣಿಸುವ ಹಳೆಯ ಕ್ರಮ ಇಲ್ಲಿ ಹೊಸ ರೂಪದಲ್ಲಿ ಉಳಿದಿದೆ. ತೀರ್ಪನ್ನು ಜನ ಒಪ್ಪುವುದು ಪೀಠದ ಮೇಲಿನ ಭಕ್ತಿಯಿಂದ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಾಖಾ ಮಠ ಇನ್ನೊಂದು ದಾರಿ ಹಿಡಿಯಿತು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳತ್ವದಲ್ಲಿ 1997ರಲ್ಲಿ ಆರಂಭವಾದ ಶಿವಸಂಚಾರ ತಂಡ ಪ್ರತಿವರ್ಷ ಹೊಸ ನಾಟಕಗಳೊಂದಿಗೆ ಕರ್ನಾಟಕವನ್ನು ಸುತ್ತುತ್ತದೆ. ಶರಣ ಹರಳಯ್ಯನ ಮಗನಿಗೂ ಬೇರೆ ಜಾತಿಯ ಶರಣ ಮಧುವರಸನ ಮಗಳಿಗೂ ಆದ ಮದುವೆಯ ಕಾರಣಕ್ಕೆ ಕಲ್ಯಾಣ ಹೊತ್ತಿ ಉರಿದ ಹನ್ನೆರಡನೆಯ ಶತಮಾನದ ಕಥೆ ಶರಣ ಪರಂಪರೆಯ ರಂಗಭೂಮಿಗೆ ಹತ್ತಿರದ ವಸ್ತು. ಅಲ್ಲಿ ಎರಡೂ ಕಡೆಯ ತಂದೆಯರು ಆ ಮದುವೆಯ ಪರವಾಗಿ ನಿಂತು ಅದಕ್ಕಾಗಿ ಪ್ರಾಣ ಕೊಡುತ್ತಾರೆ. ಹಿರಿಯರು ಮಕ್ಕಳ ಜೋಡಿಗೆ ಅಡ್ಡ ನಿಲ್ಲುವ ರಾಮಾಚಾರಿಯ ಊರಿನಲ್ಲೇ ಈ ಕಥೆಗೂ ಪ್ರೇಕ್ಷಕರಿದ್ದಾರೆ.

ಕೋರ್ಟಿನಲ್ಲಿ ಮಗುವಿನ ಸ್ಥಾನ ಕಾಗದದ ಮೇಲೆ ಸ್ಪಷ್ಟವಾಗಿದೆ. 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆ ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಗಮನಿಸಲು ಹೇಳುತ್ತದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯಿದೆ ಹೇಳುತ್ತದೆ. ಕೂಡಿಕೆಯ ಕಾಲದ ಮೊಲೆಯುಣ್ಣುವ ಕೂಸಿನ ನಿಯಮದ ನೆರಳು ಇದರಲ್ಲೂ ಕಾಣುತ್ತದೆ. ಕೌಟುಂಬಿಕ ನ್ಯಾಯಾಲಯಗಳಿಗೆ ದಾರಿ ಮಾಡಿದ 1984ರ ಕಾಯಿದೆ ವಾದಕ್ಕಿಂತ ರಾಜಿಗೆ ಮೊದಲ ಸ್ಥಾನ ಕೊಟ್ಟಿತು. ಆದರೆ ವಾಯಿದೆಯಿಂದ ವಾಯಿದೆಗೆ ಪ್ರಕರಣ ಎಳೆದಾಗ ಮಗು ತಿಂಗಳಿಗೊಮ್ಮೆ ಕೋರ್ಟಿನ ಆವರಣದಲ್ಲಿ ತಂದೆಯನ್ನೋ ತಾಯಿಯನ್ನೋ ಕಾಣುತ್ತದೆ, ಜಗಳದ ಕೊನೆಯನ್ನು ಕಾಣುವುದಿಲ್ಲ. ನ್ಯಾಯಾಧೀಶರು ಕೆಲವೊಮ್ಮೆ ಮಗುವನ್ನು ತಮ್ಮ ಕೊಠಡಿಗೆ ಕರೆದು ಪ್ರತ್ಯೇಕವಾಗಿ ಮಾತಾಡಿಸುತ್ತಾರೆ. ಕಟ್ಟೆಮನೆಯಲ್ಲಿ ಮಗು ಎಲ್ಲವನ್ನೂ ನೋಡುತ್ತಿತ್ತು, ಅದನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇಲ್ಲಿ ಅದನ್ನು ಕೇಳುತ್ತಾರೆ, ಆದರೆ ಯಾರ ಬಳಿ ಇರುತ್ತೀಯ ಎಂಬ ಒಂದೇ ಪ್ರಶ್ನೆಗೆ ಉತ್ತರವಾಗಿ. ಹೆತ್ತವರು ಯಾಕೆ ಜಗಳವಾಡಿದರು, ಅದು ಹೇಗೆ ಬಗೆಹರಿಯಿತು ಎಂಬುದನ್ನು ಮಗುವಿಗೆ ಕುಳಿತು ವಿವರಿಸುವ ಹೊಣೆ ಕಾಯಿದೆಯ ಯಾವ ಕಲಮಿನಲ್ಲೂ ಇಲ್ಲ. ಅದನ್ನು ಮಾಡುತ್ತಿರುವವರು ಕೆಲವು ಆಪ್ತ ಸಮಾಲೋಚಕರು, ಕೆಲವು ಶಾಲಾ ಶಿಕ್ಷಕರು, ಇನ್ನೂ ಉಳಿದಿರುವ ಕೆಲವು ಅಜ್ಜಿಯರು.